ಮಾವನ ನೀತಿ ಸಂಹಿತೆ

ಬಂಗುಡೆಗೆ ನಾಲ್ಕು ಮತ, ಕಾಣೆಗೆ ಮೂರು, ಒಂದು ಮತ ಅಸಿಂಧು.

ಅಸಿಂಧುವಾದದ್ದು ನನ್ನ ಅತ್ತೆಯ ಮತ. ಚೀಟಿಯಲ್ಲಿ ಗುರುತು ಹಾಕುವ ಬದಲು ಅವರು "ಯಾವುದಾದರೂ ತನ್ನಿ, ಕ್ಲೀನ್ ಮಾಡುವವರನ್ನೂ ತನ್ನಿ" ಎಂದು ಬರೆದಿದ್ದರು. ಮತದಾರರು ಯಾರೆಂದು ಗೊತ್ತಾಗುವಂತೆ ಏನು ಬರೆದರೂ ಆ ಚೀಟಿ ಲೆಕ್ಕಕ್ಕಿಲ್ಲ ಎಂದು ಮಾವ ತೀರ್ಪು ಕೊಟ್ಟರು. ಆಮೇಲೆ ಚೀಲ ಹಿಡಿದು ಬಂದರಿಗೆ ಹೊರಟರು. ಅವರು ವಾರವಿಡೀ ಪ್ರಚಾರ ಮಾಡಿದ್ದು ಕಾಣೆಯ ಪರವಾಗಿ. ಆದರೆ ಸೋತವನೇ ಹೋಗಿ ಗೆದ್ದ ಮೀನನ್ನು ತರಬೇಕು ಎಂಬುದು ಅವರದೇ ನಿಯಮ! ಭಾನುವಾರ ನಿಮ್ಮ ಮನೆಯಲ್ಲಿ ಮೀನು ತಿನ್ನುತ್ತೀರಿ. ನಾವು ಫಲಿತಾಂಶ ತಿನ್ನುತ್ತೇವೆ.

ಮಂಗಳೂರಿನಲ್ಲಿ ಗೆಲ್ಲಲು ತಯಾರಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಸೋಲಲು ಇಷ್ಟು ಅಚ್ಚುಕಟ್ಟಾಗಿ ತಯಾರಿ ಮಾಡುವ ಮನುಷ್ಯ ನನ್ನ ಮಾವನೊಬ್ಬರೇ ಎಂದು ನಾನು ಯಾವ ನ್ಯಾಯಾಲಯದಲ್ಲಿ ಬೇಕಾದರೂ ಪ್ರಮಾಣ ಮಾಡುತ್ತೇನೆ.

ಅವರು ನನ್ನ ತಾಯಿಯ ಅಣ್ಣ, ಬಲ್ಮಠದಲ್ಲಿ ವಕೀಲರು. ನಾನು ಕಾನೂನು ಓದಿ ಅವರ ಹತ್ತಿರವೇ ಜೂನಿಯರ್ ಆಗಿ ಸೇರಿದ್ದೇನೆ, ಇರುವುದೂ ಅವರ ಮನೆಯಲ್ಲೇ. ಅಂದರೆ ಬೆಳಿಗ್ಗೆ ಕಾಫಿ ಕುಡಿಯುವಾಗ ಕಾಣುವ ಮುಖವೇ ಕೋರ್ಟಿನಲ್ಲಿ, ಅದೇ ಮುಖ ರಾತ್ರಿ ಊಟಕ್ಕೆ. ನನ್ನ ಆಯಾಸಕ್ಕೆ ಬೇರೆ ಕಾರಣ ಬೇಕೇ?

ಮಾವ ಒಂದು ಪಕ್ಷದ ಕಾನೂನು ಘಟಕದ ಜಿಲ್ಲಾ ಸಂಚಾಲಕರಾಗಿದ್ದರು. ಯಾವ ಪಕ್ಷ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಇಲ್ಲೇ ಪುಟ ಮಗುಚುತ್ತೀರಿ, ಉಳಿದರ್ಧ ಜನ ಮುಂದೆ ಬರುವುದನ್ನು ಕ್ಷಮಿಸುವುದಿಲ್ಲ. ಅವರಿಗಿದ್ದ ಆಸೆ ಒಂದೇ: ಸರ್ಕಾರಿ ವಕೀಲರಾಗುವುದು. ಅವರ ಪಕ್ಷ ಅಧಿಕಾರಕ್ಕೆ ಬಂದಾಗಲೆಲ್ಲ "ಈ ಸಲ ಖಂಡಿತ" ಎಂಬ ಮಾತು ಬರುತ್ತಿತ್ತು, ನೇಮಕದ ಆದೇಶ ಇನ್ನೊಬ್ಬರ ಹೆಸರಿಗೆ ಬರುತ್ತಿತ್ತು. ಬಚ್ಚಲುಮನೆಯಿಂದ "ಸರ್ಕಾರದ ಪರವಾಗಿ, ಮಹಾಸ್ವಾಮಿ" ಎಂಬ ಗಂಭೀರ ಧ್ವನಿ ನೀರಿನ ಸದ್ದಿನ ನಡುವೆ ಕೇಳಿಬರುವುದು ನಮ್ಮ ಮನೆಯಲ್ಲಿ ಮಾಮೂಲು. "ಆ ಸರ್ಕಾರಕ್ಕೆ ಒಮ್ಮೆ ಗೀಸರ್ ಆಫ್ ಮಾಡ್ಲಿಕ್ಕೆ ಹೇಳಿ" ಎಂದು ಅತ್ತೆ ಅಡುಗೆಮನೆಯಿಂದ ಕೂಗುತ್ತಾರೆ.

ನಮ್ಮ ಆಫೀಸಿನ ಎದುರು, ಅದೇ ಮಹಡಿಯಲ್ಲಿ, ಇನ್ನೊಂದು ಆಫೀಸಿದೆ. ಅಲ್ಲಿರುವವರು ಎದುರು ಪಕ್ಷದ ಕಾನೂನು ಘಟಕದವರು. ಕ್ರೈಸ್ತರಾದ್ದರಿಂದ ನಮ್ಮ ಕಡೆಯ ರೂಢಿಯಂತೆ ಮಾವ ಅವರನ್ನು ಪೊರ್ಬುಗಳೇ ಎಂದು ಗೌರವದಿಂದಲೇ ಕರೆಯುತ್ತಾರೆ, ಗೌರವದಿಂದಲೇ ಬಯ್ಯುತ್ತಾರೆ. ಪೆಟ್ರೋಲ್, ಬಂದರು, ವಿದೇಶಾಂಗ ನೀತಿ ಎಲ್ಲವೂ ದಿನಾ ನಡುವಿನ ಪ್ಯಾಸೇಜಿನಲ್ಲೇ ಇತ್ಯರ್ಥವಾಗುತ್ತವೆ. ಕಕ್ಷಿದಾರರು ಮಾತ್ರ ಕುರ್ಚಿಯಲ್ಲಿ ಕುಳಿತು ತೂಕಡಿಸುತ್ತಾರೆ.

ಆದರೆ ಚುನಾವಣೆ ಬಂದಿತೆಂದರೆ ಇಬ್ಬರೂ ಸೇರಿ ಒಂದು ಹಾಲ್ ಹಿಡಿದು, ಎರಡೂ ಪಕ್ಷಗಳ ಮತಗಟ್ಟೆ ಏಜೆಂಟರನ್ನು ಒಟ್ಟಿಗೆ ಕೂರಿಸಿ ಪಾಠ ಮಾಡುತ್ತಾರೆ! ಚಹಾಕ್ಕೆ ಎರಡು ಕೆಟಲ್. ಒಂದು ಪಕ್ಷದ ಚಹಾ ಇನ್ನೊಂದು ಪಕ್ಷದವರ ಗಂಟಲಿಗೆ ಇಳಿದರೆ ಅದು ಆಮಿಷವಾಗುತ್ತದೆ ಎಂಬುದು ಮಾವನ ವಾದ. ಎರಡೂ ಒಂದೇ ಕ್ಯಾಂಟೀನಿನಿಂದ ಬಂದ ಚಹಾ ಎಂದು ನಾನು ಹೇಳಲು ಹೋಗಲಿಲ್ಲ.

ಪಾಠದ ಮೊದಲ ವಾಕ್ಯ ಯಾವಾಗಲೂ ಒಂದೇ. "ಮತಗಟ್ಟೆಯಲ್ಲಿ ಕೂತಿರುವ ಟೀಚರು ನಿಮ್ಮ ಕಡೆಯವರೂ ಅಲ್ಲ, ಅವರ ಕಡೆಯವರೂ ಅಲ್ಲ. ಅವರು ಪಾಪ, ಬೆಳಿಗ್ಗೆಯಿಂದ ಬಾತ್‌ರೂಮಿಗೂ ಹೋಗಿರುವುದಿಲ್ಲ."

ಆಮೇಲೆ ಅಭಿನಯ. ಮಾವ ಮತಗಟ್ಟೆಯ ಅಧಿಕಾರಿ, ಪೊರ್ಬುಗಳು ಜಗಳಗಂಟ ಏಜೆಂಟ್. ಕಳೆದ ಸಲ ಪೊರ್ಬುಗಳು ಎಷ್ಟು ಚೆನ್ನಾಗಿ ಜಗಳ ಮಾಡಿದರೆಂದರೆ, ಮಾವನಿಗೆ ನಿಜವಾಗಿ ಸಿಟ್ಟು ಬಂದು "ಹೊರಗೆ ನಡೀರಿ!" ಎಂದು ಬಾಗಿಲು ತೋರಿಸಿಬಿಟ್ಟರು. ಪೊರ್ಬುಗಳು ಹೋದರು, ಅವರ ಹಿಂದೆ ಅವರ ಪಕ್ಷದ ಏಜೆಂಟರೆಲ್ಲ ಹೋದರು. ಅರ್ಧ ಹಾಲ್ ಖಾಲಿ. ಅಭಿನಯ ಮುಗಿದಿದೆ, ದಯವಿಟ್ಟು ಒಳಗೆ ಬನ್ನಿ ಎಂದು ಕರೆಯಲು ಮೆಟ್ಟಿಲಿಳಿದು ಓಡಿದವಳು ನಾನು. ಜೂನಿಯರ್ ಎಂದರೆ ಮತ್ತೇನು?

ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ ಪ್ರಾಥಮಿಕ ಶಾಲೆಯ ಟೀಚರೊಬ್ಬರಿದ್ದಾರೆ. ಕಳೆದ ಚುನಾವಣೆಯಲ್ಲಿ ಅವರಿಗೆ ಮತಗಟ್ಟೆ ಅಧಿಕಾರಿಯ ಕೆಲಸ ಬಂತು. ಆ ದಿನದಿಂದ ಮಾವ ಅವರೊಡನೆ ಮಾತು ಬಿಟ್ಟರು. ಲಿಫ್ಟಿನಲ್ಲಿ ಸಿಕ್ಕಿದರೆ ಗೋಡೆಗೆ ಮುಖ ಮಾಡಿ ನಿಲ್ಲುವುದು! ಟೀಚರು ಗಾಬರಿಯಾಗಿ ನನ್ನ ಹತ್ತಿರ ಕೇಳಿದರು, "ನಾನು ಎಂತ ಮಾಡಿದೆ? ನಮ್ಮ ಮನೆಯ ನೀರು ನಿಮ್ಮಲ್ಲಿಗೆ ಇಳಿಯುತ್ತಾ ಉಂಟಾ?"

ಮಾವನನ್ನು ಕೇಳಿದೆ.

"ಮಗಾ, ನಾನು ಪಕ್ಷದವ. ಅವರು ಈಗ ಆಯೋಗದ ಕೆಲಸದಲ್ಲಿದ್ದಾರೆ. ನಗಾಡ್ಲಿಕ್ಕಿಲ್ಲ."

"ಒಂದು ನಮಸ್ಕಾರ ಕೂಡ?"

"ಫಲಿತಾಂಶ ಬಂದ ಮೇಲೆ ಒಟ್ಟಿಗೆ ಹೇಳ್ತೇನೆ."

ಆ ಸಲ ಸರ್ಕಾರಿ ವಕೀಲರ ಹುದ್ದೆ ಎಂದಿಗಿಂತ ಹತ್ತಿರ ಬಂದಿತ್ತು. ನಡೆಯುತ್ತಿದ್ದದ್ದು ನಮ್ಮ ಕ್ಷೇತ್ರದ ಉಪಚುನಾವಣೆ, ರಾಜ್ಯದಲ್ಲಿ ಅಧಿಕಾರದಲ್ಲಿದ್ದದ್ದು ಅವರ ಪಕ್ಷವೇ. ಕಡತ ಬೆಂಗಳೂರಿಗೆ ಹೋಗಿದೆ, ನಿಮ್ಮದೊಂದೇ ಹೆಸರು ಎಂದು ಪಕ್ಷದ ಅಭ್ಯರ್ಥಿಯೇ ಫೋನ್ ಮಾಡಿ ಹೇಳಿದ್ದರು. ಮಾವ ಆ ವಾರ ಎರಡು ಸಲ ಕ್ಷೌರ ಮಾಡಿಸಿಕೊಂಡರು.

ಮತ ಎಣಿಕೆಯ ದಿನ ಒಂದು ಯಂತ್ರದಲ್ಲಿ ತಕರಾರು ಎದ್ದಿತು. ಮತ ಹಾಕಿದವರಿಗಿಂತ ಯಂತ್ರದೊಳಗಿನ ಮತಗಳು ಹೆಚ್ಚು! ಅದು ಪಕ್ಕದ ಮನೆಯ ಟೀಚರ ಮತಗಟ್ಟೆಯ ಯಂತ್ರ.

ಆದದ್ದು ಇಷ್ಟೇ. ಮತದಾನ ಶುರುವಾಗುವ ಮೊದಲು ಏಜೆಂಟರ ಎದುರಿನಲ್ಲಿ ಅಣಕು ಮತದಾನ ಮಾಡುತ್ತಾರೆ. ಯಂತ್ರ ಸರಿಯಿದೆಯೇ ಎಂದು ನೋಡಲು ಎಲ್ಲರ ಚಿಹ್ನೆಗಳನ್ನೂ ಒತ್ತಿ, ಲೆಕ್ಕ ತಾಳೆ ನೋಡಿ, ಆ ಮತಗಳನ್ನು ಅಳಿಸಿ, ನಂತರ ನಿಜವಾದ ಮತದಾನ. ಅವತ್ತು ಟೀಚರು ಅಳಿಸುವುದನ್ನು ಮರೆತಿದ್ದರು. ಅಳಿಸಿದ್ದನ್ನು ಕಣ್ಣಾರೆ ಕಂಡೆವು ಎಂದು ಎರಡೂ ಪಕ್ಷಗಳ ಏಜೆಂಟರು ಸಹಿ ಹಾಕಿದ್ದರು.

ಮಾವ ತಮ್ಮ ಏಜೆಂಟನನ್ನು ಆಫೀಸಿಗೆ ಕರೆಸಿದರು. ಪ್ಯಾಸೇಜಿನ ಆಚೆಯಿಂದ ಪೊರ್ಬುಗಳು ತಮ್ಮ ಏಜೆಂಟನನ್ನು ಕರೆತಂದರು.

"ಅಳಿಸುವಾಗ ನೀನು ಎಲ್ಲಿದ್ದೆ?" ಎಂದು ಮಾವ ತಮ್ಮವನನ್ನು ಕೇಳಿದರು.

"ಅಲ್ಲೇ ಇದ್ದೆ ಸರ್."

"ನೋಡಿದ್ದಿಯಾ?"

ಅವನು ಪಕ್ಕದವನ ಮುಖ ನೋಡಿದ. ಪಕ್ಕದವನು ನೆಲ ನೋಡಿದ.

"ಸರ್, ಆಗ ಸಜ್ಜಿಗೆ ಬಜಿಲ್ ಬಂದಿತ್ತು."

ಉಪ್ಪಿಟ್ಟು, ಅವಲಕ್ಕಿ! ನಮ್ಮೂರಿನ ಬೆಳಗಿನ ತಿಂಡಿ. ಬಿಸಿಯಿರುವಾಗ ಎಲೆ ಬಿಚ್ಚದವನು ಮಂಗಳೂರಿನವನೇ ಅಲ್ಲ. ಇಬ್ಬರೂ ಎಡಗೈಯಲ್ಲಿ ಪೊಟ್ಟಣ ಹಿಡಿದು ಬಲಗೈಯಲ್ಲಿ ಸಹಿ ಹಾಕಿದ್ದರು. ಟೀಚರಿಗೂ ಒಂದು ಪೊಟ್ಟಣ ಕೊಡಲು ಹೋಗಿದ್ದರಂತೆ. ಅವರು ಬೇಡವೆಂದರು, ಅಷ್ಟರಲ್ಲಿ ಹೊರಗೆ ಸಾಲಿನಲ್ಲಿ ಗಲಾಟೆಯಾಯಿತು, ಎದ್ದು ಹೋದರು, ಬಂದರು, ಅಳಿಸುವ ಬಟನ್ ಒತ್ತದೆ ಉಳಿಯಿತು.

"ಎರಡೂ ಪಕ್ಷ ಒಟ್ಟಿಗೆ ಮಾಡಿದ ಕೆಲಸ ಇದೊಂದೇ, ನೋಡಿ ಪೊರ್ಬುಗಳೇ" ಎಂದರು ಮಾವ.

"ಅದಾದರೂ ಹೊಟ್ಟೆ ತುಂಬಿಸಿತಲ್ಲ ಮಾರಾಯ್ರೇ" ಎಂದರು ಪೊರ್ಬುಗಳು.

ನಮ್ಮ ಕ್ಷೇತ್ರದಲ್ಲಿ ಮಾವನ ಪಕ್ಷ ಸೋತಿತ್ತು. ಆ ಯಂತ್ರವನ್ನು ಪೂರ್ತಿ ಬದಿಗಿಟ್ಟರೂ ಸೋಲುವಷ್ಟು ದೊಡ್ಡ ಅಂತರದಿಂದ ಸೋತಿತ್ತು. ಆದರೆ ಸೋತವರಿಗೆ ಒಂದು ಕಾರಣ ಬೇಕಿತ್ತು. ಸಂಜೆಯೊಳಗೆ ಟೀಚರ ಫೋಟೊ ಎಲ್ಲರ ಫೋನಿನಲ್ಲಿ ತಿರುಗಿತು, ಕೆಳಗೆ "ಮತಗಳ್ಳಿ" ಎಂದು ಬರೆದಿತ್ತು. ಅವರ ಮನೆಯ ಬಾಗಿಲು ಹಗಲಿನಲ್ಲೂ ಮುಚ್ಚಿಯೇ ಇರತೊಡಗಿತು.

ಮರುದಿನ ಅಭ್ಯರ್ಥಿ ಆಫೀಸಿಗೆ ಬಂದರು. ಟೀಚರು ಬೇಕೆಂದೇ ಎದುರು ಪಕ್ಷಕ್ಕಾಗಿ ಮತ ತುಂಬಿದರು ಎಂದು ದೂರು ಬರೆದುಕೊಡಬೇಕು, ಕಾನೂನು ಘಟಕದ ಸಂಚಾಲಕರ ಸಹಿ ಬೇಕು.

"ಅಣಕು ಮತ ಎಲ್ಲರಿಗೂ ಬಿದ್ದಿದೆ, ನಮಗೂ ಬಿದ್ದಿದೆ" ಎಂದರು ಮಾವ. "ಬೇಕೆಂದು ಮಾಡುವವರು ನಮಗೆ ಯಾಕೆ ಒತ್ತುತ್ತಾರೆ?"

"ಅದೆಲ್ಲ ಕೋರ್ಟಿನಲ್ಲಿ ನೋಡುವ ಸರ್. ಈಗ ಒಂದು ಸಹಿ ಹಾಕಿ. ನಿಮ್ಮ ಫೈಲು ಈ ವಾರವೇ ಮೂವ್ ಆಗುತ್ತದೆ."

ಮಾವ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಸೋತಿದ್ದೇವೆ. ಅದಕ್ಕೆ ಒಬ್ಬ ಟೀಚರ ಕೆಲಸ ತೆಗೆಯುವುದು ಬೇಡ."

"ನಿಮ್ಮ ಪಕ್ಕದ ಮನೆಯವರು ಅಂತ ಅಲ್ವಾ ಇದು?"

"ಒಂದು ತಿಂಗಳಿಂದ ಅವರ ಜೊತೆ ಮಾತಾಡಿಲ್ಲ ಮಾರಾಯ!" ಎಂದು ಮಾವ ಮೇಜು ಗುದ್ದಿದರು. ಅವರ ಜೀವನದಲ್ಲಿ ಇಷ್ಟು ಉಪಯೋಗಕ್ಕೆ ಬಂದ ಒರಟುತನ ಇನ್ನೊಂದಿಲ್ಲ.

ಅವತ್ತು ಮಧ್ಯಾಹ್ನ ಇಬ್ಬರು ವಕೀಲರೂ ಸೇರಿ ಒಂದು ಹೇಳಿಕೆ ಬರೆದರು. ಬರೆದರು ಎಂದರೆ ಟೈಪ್ ಮಾಡಿದ್ದು ನಾನು, ಜಗಳ ಮಾಡಿದ್ದು ಅವರು. ಪೊರ್ಬುಗಳಿಗೆ "ಸಣ್ಣ ತಪ್ಪು" ಎಂದಿರಬೇಕು. ಅವರ ಪಕ್ಷದವರಿಗೆ ತಪ್ಪೇ ಆಗಿಲ್ಲ ಎಂದರೆ ಇನ್ನೂ ಸಂತೋಷ. ಮಾವನಿಗೆ "ತಪ್ಪು" ಸಾಕು, ಸಣ್ಣದು ದೊಡ್ಡದು ಬೇಡ. ನಾನು ಆ ಪದವನ್ನು ಎಷ್ಟು ಸಲ ಸೇರಿಸಿದೆ, ಎಷ್ಟು ಸಲ ಅಳಿಸಿದೆ! ಕೊನೆಗೆ ನನ್ನ ಬೆರಳಿನ ಮೇಲೆ ಕರುಣೆ ಬಂದೋ ಏನೋ ಪೊರ್ಬುಗಳು ಬಿಟ್ಟುಕೊಟ್ಟರು.

ತಪ್ಪಾಗಿದೆ, ಮೋಸವಾಗಿಲ್ಲ, ಸಹಿ ಹಾಕಿದ ನಮ್ಮ ಏಜೆಂಟರದ್ದೂ ಅದರಲ್ಲಿ ಪಾಲಿದೆ ಎಂದು ಹೇಳಿಕೆಯಲ್ಲಿತ್ತು. ಮುಂದಿನದು ಮಾವ ನಿಂತುಕೊಂಡು ಹೇಳಿ ಬರೆಸಿದ್ದು: ವರ್ಷವಿಡೀ ಮಗ್ಗಿ ಕಲಿಸುವವರಿಗೆ ಒಂದು ಮಧ್ಯಾಹ್ನ ತರಬೇತಿ ಕೊಟ್ಟು ಇಡೀ ಚುನಾವಣೆಯನ್ನು ಹೊರಿಸುವುದು ನ್ಯಾಯವಲ್ಲ. ಈ ಕೆಲಸವನ್ನು ಕಲಿತವರು, ಇದನ್ನೇ ಮಾಡುವವರು, ಯಾವ ಪಕ್ಷದ ಹಂಗಿನಲ್ಲೂ ಇಲ್ಲದವರು ಬೇಕು. ಅಂಥವರು ಸಿಗುವವರೆಗೆ, ಇರುವವರನ್ನು ಹೆದರಿಸದೆ ಬಿಡುವುದು ಎರಡೂ ಪಕ್ಷಗಳ ಕರ್ತವ್ಯ.

ಪತ್ರಿಕಾಗೋಷ್ಠಿಯಲ್ಲಿ ಇಬ್ಬರೂ ಒಂದೇ ಮೇಜಿಗೆ ಕುಳಿತರು. ವರದಿಗಾರರೊಬ್ಬರು "ನೀವು ಪಕ್ಷ ಬದಲಿಸುತ್ತೀರಾ ಸರ್?" ಎಂದು ಕೇಳಿದರು.

"ಇವರ ಪಕ್ಷಕ್ಕಾ? ಇವರ ಪಕ್ಷ ನಮ್ಮ ಮೀನುಗಾರರಿಗೆ ಎಂತ ಮಾಡಿದೆ ಹೇಳಿ!" ಎಂದು ಮಾವ ಶುರು ಮಾಡಿದರು. ಪೊರ್ಬುಗಳು ಕುರ್ಚಿ ತಿರುಗಿಸಿ ಉಳ್ಳಾಲದ ಕಡಲಕೊರೆತದಿಂದ ಉತ್ತರ ಆರಂಭಿಸಿದರು. ವರದಿಗಾರರು ಪೆನ್ನು ಮುಚ್ಚಿ ಹೊರಟರು. ಪುಣ್ಯಕ್ಕೆ ಹೇಳಿಕೆಯ ಪ್ರತಿಗಳನ್ನು ನಾನು ಮೊದಲೇ ಹಂಚಿದ್ದೆ.

ಪತ್ರಿಕೆಗಳು ಅದನ್ನು ಹಾಕಿದವು. ಟೀಚರಿಗೆ ಒಂದು ನೋಟಿಸು ಬಂತು, ವಿವರಣೆ ಕೊಟ್ಟರು, ಕೆಲಸ ಉಳಿಯಿತು. ಮಾವ ಅವರ ಬಾಗಿಲು ತಟ್ಟಿ ಒಂದು ತಿಂಗಳ ನಮಸ್ಕಾರಗಳನ್ನು ಒಟ್ಟಿಗೆ ಹೇಳಿದರು. ಟೀಚರು ಅತ್ತರು. ಮಾವ ಏನು ಮಾಡುವುದೆಂದು ತಿಳಿಯದೆ ನೀರಿನ ಪೈಪಿನ ಬಗ್ಗೆ ವಿಚಾರಿಸಿದರು.

ಕಾನೂನು ಘಟಕಕ್ಕೆ ಹೊಸ ಸಂಚಾಲಕರು ಬಂದದ್ದು ನಮಗೆ ತಿಳಿದದ್ದು ಅವರ ಅಭಿನಂದನೆಯ ಫ್ಲೆಕ್ಸ್ ನೋಡಿ. ಅದಾಗಿ ಕೆಲವು ದಿನಗಳಲ್ಲಿ, ಒಂದು ಸಂಜೆ, ಸರ್ಕಾರಿ ವಕೀಲರ ನೇಮಕದ ಆದೇಶವೂ ಬಂತು. ಅದೂ ಆ ಹೊಸ ಸಂಚಾಲಕರ ಹೆಸರಿಗೇ.

ಮಾವ ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು. ನನ್ನ ಕಡೆ ತಿರುಗಿದರು.

"ಮಗಾ, ನಾಳೆಯಿಂದ ನೀನು ಎದುರಿನ ಆಫೀಸಿಗೆ ಹೋಗು. ಪೊರ್ಬುಗಳ ಹತ್ತಿರ ಮಾತಾಡಿದ್ದೇನೆ. ಹೇಳಿಕೆ ಬರೆಯುವ ಮೊದಲೇ ಮಾತಾಡಿದ್ದೆ."

"ಮೊದಲೇ ಅಂದರೆ?"

"ಆ ಹೇಳಿಕೆಗೆ ಸಹಿ ಹಾಕಿದರೆ ಎಂತ ಆಗ್ತದೆ ಅಂತ ಗೊತ್ತಿತ್ತಲ್ಲ. ಇನ್ನು ನನ್ನ ಹತ್ತಿರ ಪಕ್ಷದ ಕೇಸು ಬರ್ಲಿಕ್ಕಿಲ್ಲ, ಸರ್ಕಾರದ್ದೂ ಬರ್ಲಿಕ್ಕಿಲ್ಲ. ನೀನು ಕಲಿಯುವ ಪ್ರಾಯದವಳು. ಇಲ್ಲಿ ಕೂತು ಫ್ಯಾನ್ ನೋಡುವುದು ಬೇಡ. ಅವರಲ್ಲಿ ಕೆಲಸ ಉಂಟು, ಮನುಷ್ಯ ಒಳ್ಳೆಯವರು. ಪಕ್ಷ ಒಂದು ಸರಿಯಿಲ್ಲ."

ಎಷ್ಟೋ ವರ್ಷ ಕಾದ ಹುದ್ದೆಯನ್ನು ಕೈಯಾರೆ ಬಿಡುವ ಆ ಮಧ್ಯಾಹ್ನ, ಪೆನ್ನು ಹಿಡಿಯುವ ಮೊದಲು ಎದ್ದು ಪ್ಯಾಸೇಜು ದಾಟಿ, ದಿನಾ ಜಗಳವಾಡುವ ಮನುಷ್ಯನ ಮುಂದೆ ಕುಳಿತು, ನನಗೊಂದು ಜಾಗ ಕೇಳಿದ್ದರು. ನಾನು ಆಗ ಕಂಪ್ಯೂಟರ್ ನಿಧಾನವಾಯಿತೆಂದು ಗೊಣಗುತ್ತಿದ್ದಿರಬೇಕು. ಮೀನಿಗೂ ಮತ ಹಾಕಿಸುವವರು ಇದೊಂದನ್ನು ಯಾರನ್ನೂ ಕೇಳದೆ ತೀರ್ಮಾನಿಸಿದ್ದರು.

"ಆಯ್ತು ಮಾವ" ಎಂದು ಮಾತ್ರ ಹೇಳಿದೆ. ಇಬ್ಬರೂ ಬಸ್ಸು ಹತ್ತಿ ಮನೆಗೆ ಹೋದೆವು.

ಮರುದಿನ ಬೆಳಿಗ್ಗೆ ನಾನು ಅವರಿಗಿಂತ ಮೊದಲು ಹೊರಟು ಎದುರಿನ ಆಫೀಸಿಗೆ ಹೋದೆ. ಪೊರ್ಬುಗಳು ಆಗಷ್ಟೇ ಕೋಟು ತೂಗುಹಾಕುತ್ತಿದ್ದರು. ನನಗಾಗಿ ಕಿಟಕಿಯ ಪಕ್ಕ ಒಂದು ಮೇಜು ಒರೆಸಿಟ್ಟಿದ್ದರು.

"ಸರ್, ನಾನು ಬರುವುದಿಲ್ಲ" ಎಂದೆ.

ಅವರು ಕೋಟನ್ನು ಮೊಳೆಗೆ ಸಿಕ್ಕಿಸಿ ತಿರುಗಿದರು. "ನೀನು ಬರ್ಲಿಕ್ಕಿಲ್ಲ ಅಂತ ನಾನು ಅವತ್ತೇ ಹೇಳಿದ್ದೆ ಬಾಯ್" ಎಂದರು, ತಮ್ಮ ಮಗಳನ್ನು ಕೊಂಕಣಿಯಲ್ಲಿ ಕರೆಯುವ ಹಾಗೆ. "ಆ ಮನುಷ್ಯ ಕೇಳ್ಬೇಕಲ್ಲ!"

ನಾನು ಪ್ಯಾಸೇಜು ದಾಟಿ ನಮ್ಮ ಆಫೀಸಿನ ಬೀಗ ತೆಗೆದೆ. ಕಿಟಕಿ ತೆರೆದೆ. ಬಾಡಿಗೆ ಮನೆಯ ತಕರಾರಿನ ಒಂದು ಕೇಸು ಬಾಕಿ ಇತ್ತು. ಮಾವ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅದರ ಮೊದಲ ಪುಟ ಟೈಪ್ ಮಾಡಿ ಮುಗಿಸಿದೆ.