ತೂಕ ಸಾಲದ ಬಾಲಕಿಗೆ ಬಂದ ಕಲ್ಲಿನ ಕುರಿತು

ಸಂಖ್ಯೆ: ಮ.ಮೂ.ಕ/ನೀ.ಚೀ/ತಿದ್ದುಪಡಿ-3

ಸುತ್ತೋಲೆ

ವಿಷಯ: ನಿಗದಿತ ತೂಕವಿಲ್ಲದ ಮಕ್ಕಳ ಮೂತ್ರಪಿಂಡದಲ್ಲಿ ಪೂರ್ವಾನುಮತಿಯಿಲ್ಲದೆ ಕಲ್ಲು ಉಂಟಾಗುತ್ತಿರುವ ಬಗ್ಗೆ.

ಉಲ್ಲೇಖ:
1. ಈ ಕಚೇರಿಯ ‘ನೀರಿನ ಚೀಟಿ’ ಸುತ್ತೋಲೆ.
2. ಬಾಲಕಿಯ ಅಜ್ಜಿಯ ಮನವಿ (ಬಾಯಿಮಾತಿನಲ್ಲಿ).
3. ಮಕ್ಕಳ ವೈದ್ಯರ ಪತ್ರ (ಎರಡು ಸಾಲು).

ದಪ್ಪ ಮಕ್ಕಳಲ್ಲಿ ಮೂತ್ರಪಿಂಡದ ಕಲ್ಲು ಹೆಚ್ಚುತ್ತಿರಬಹುದೆಂದು ತಜ್ಞರೊಬ್ಬರು ಸಭೆಯಲ್ಲಿ ಹೇಳಿದ್ದರು. ಅವರು ಮುಂದೆ ಹೇಳಿದ್ದನ್ನು ಊಟದ ಹೊತ್ತಾದ್ದರಿಂದ ಆಲಿಸಲಾಗಿರುವುದಿಲ್ಲ. ಆಲಿಸಿದಷ್ಟರ ಮೇಲೆ ಕ್ರಮ ಕೈಗೊಂಡು, ನಲವತ್ತೈದು ಕಿಲೋ ಮತ್ತು ಅದಕ್ಕೂ ಹೆಚ್ಚು ತೂಗುವ ಮಕ್ಕಳಿಗೆ ಹಳದಿ ಚೀಟಿ ನೀಡಿ, ಶಾಲೆಯ ಅವಧಿಯಲ್ಲಿ ನೀರು ಕುಡಿಯಲು ಮತ್ತು ತತ್ಪರಿಣಾಮವಾಗಿ ಶೌಚಾಲಯಕ್ಕೆ ಹೋಗಲು ಅನುಮತಿಸಲಾಗಿತ್ತು. ಉಳಿದವರಿಗೆ ಕಲ್ಲು ಬರುವ ಸಂಭವವಿಲ್ಲವೆಂದು ತೀರ್ಮಾನಿಸಿ, ಅವರ ಬಾಯಾರಿಕೆಯನ್ನು ಸಂಜೆಯ ಗಂಟೆಯವರೆಗೆ ಮುಂದೂಡಲಾಗಿತ್ತು.

ಹೀಗಿರುವಾಗ, ಇಪ್ಪತ್ನಾಲ್ಕು ಕಿಲೋ ಮಾತ್ರ ತೂಗುವ ಐದನೇ ತರಗತಿಯ ಬಾಲಕಿಯೊಬ್ಬಳು ಎಡ ಮೂತ್ರಪಿಂಡದಲ್ಲಿ ನಾಲ್ಕು ಮಿಲಿಮೀಟರ್ ಕಲ್ಲು ಹೊಂದಿರುವುದು ಪತ್ತೆಯಾಗಿದೆ. ದಿನವಿಡೀ ಧಾರಾಳವಾಗಿ ನೀರು ಕುಡಿದರೆ ಮೂರು ವಾರದೊಳಗೆ ಅದು ತಾನಾಗಿ ಹೊರಬೀಳಬಹುದು. ಇಲ್ಲವಾದರೆ ಮಗುವನ್ನು ಆಸ್ಪತ್ರೆಗೆ ಸೇರಿಸಿ ತೆಗೆಯಬೇಕಾಗುತ್ತದೆ. ಚೀಟಿ ಇಲ್ಲದ ಕಾರಣ ಬಾಲಕಿಗೆ ಶಾಲೆಯಲ್ಲಿ ನೀರಿಲ್ಲ. ಮೂರು ವಾರಗಳ ಪೈಕಿ ಹನ್ನೊಂದು ದಿನ ಈ ಕಚೇರಿಯ ಕಡತದಲ್ಲೇ ಕಳೆದಿರುತ್ತವೆ. ಆದುದರಿಂದ ಸಂಬಂಧಪಟ್ಟವರೆಲ್ಲರ ಗಮನಕ್ಕೆ ತರಲಾಗುವುದೇನೆಂದರೆ:

1. ತೂಕವಿಲ್ಲದೆ ಬಂದ ಕಲ್ಲನ್ನು ‘ಅನರ್ಹ ಕಲ್ಲು’ ಎಂದು ದಾಖಲಿಸತಕ್ಕದ್ದು. ಕಲ್ಲನ್ನು ಹಿಂಪಡೆಯುವಂತೆ ಅಥವಾ ಬಾಲಕಿಯ ತೂಕವನ್ನು ಪರಿಷ್ಕರಿಸುವಂತೆ ವೈದ್ಯರನ್ನು ಕೋರಲಾಗಿತ್ತು. ಅವರ ಉತ್ತರ ಹೀಗಿದೆ: “ಸಣಕಲು ಮಕ್ಕಳಿಗೂ ಕಲ್ಲು ಬರುತ್ತದೆ, ಅದು ನಿಮ್ಮ ಸುತ್ತೋಲೆ ಓದಿಲ್ಲ. ನೀರು ಕೊಡಿ, ಹೊರಗೆ ಬಿಡಿ.” ಪತ್ರದಲ್ಲಿ ಕಡತದ ಸಂಖ್ಯೆ ನಮೂದಿಸದ ಕಾರಣ ಅದನ್ನು ಹಿಂದಿರುಗಿಸಲಾಯಿತು.

2. ಬಾಲಕಿಯ ಅಜ್ಜಿಯು ಕಚೇರಿಗೆ ಬಂದು, ಈ ಕಡತ ನೋಡಿಕೊಳ್ಳುತ್ತಿರುವ ಗುಮಾಸ್ತರ ಎದುರಿನ ಕುರ್ಚಿಯಲ್ಲಿ ಕುಳಿತು ಹೇಳಿಕೆ ನೀಡಿರುತ್ತಾರೆ: “ಬಾಯಿ ಒಣಗಿದ್ರೆ ಮಗು ನೀರು ಕೇಳುತ್ತಪ್ಪಾ. ತಕ್ಕಡಿ ಹತ್ತಿ ನೋಡ್ಕೊಂಡು ಬಾಯಾರಿಸ್ಕೊಳ್ಳುತ್ತಾ? ನಾನು ಬಂದಾಗಿಂದ ನೀನೇ ಮೂರು ಲೋಟ ಕುಡಿದೆ. ನಿನ್ನನ್ನ ಯಾರು ತೂಗಿದ್ರು?” ಇದನ್ನು ಪರಿಶೀಲಿಸಿ ಗುಮಾಸ್ತರನ್ನು ಕೂಡಲೇ ತೂಗಲಾಗಿ, ಐವತ್ತೆಂಟು ಕಿಲೋ ಇರುವುದು ಕಂಡುಬಂದಿದೆ. ಮೂರೂ ಲೋಟಗಳನ್ನು ಕ್ರಮಬದ್ಧಗೊಳಿಸಲಾಗಿದೆ. ಆದರೆ ಗುಮಾಸ್ತರು ಅಂದಿನಿಂದ ನಾಲ್ಕನೇ ಲೋಟ ಎತ್ತಲು ಹಿಂಜರಿಯುತ್ತಿರುವುದು ಮೇಲಧಿಕಾರಿಗಳ ಗಮನಕ್ಕೆ ಬಂದಿರುತ್ತದೆ.

3. ಬಾಲಕಿಯನ್ನು ಪುಸ್ತಕದ ಚೀಲ, ಬೂಟು ಮತ್ತು ಕೊಡೆ ಸಮೇತ ತೂಗಿ ಮೂವತ್ತೆರಡು ಕಿಲೋ ತೋರಿಸಿದ ಶಿಕ್ಷಕರ ಕ್ರಮವನ್ನು ಒಪ್ಪಲಾಗುವುದಿಲ್ಲ. ಉಳಿದ ಹದಿಮೂರು ಕಿಲೋವನ್ನು ನೀರು ಕುಡಿದು ತುಂಬಿಕೊಳ್ಳಬಹುದೆಂಬ ಸಲಹೆಯೂ ಬಂದಿತ್ತು. ನೀರು ಕುಡಿಯಲು ಮೊದಲು ಚೀಟಿ ಬೇಕಾಗುವುದರಿಂದ ಅದನ್ನು ಕೈಬಿಡಲಾಗಿದೆ.

4. ಜೋಡಿ ತೂಕ ನಿಷಿದ್ಧ. ಐವತ್ತೆರಡು ಕಿಲೋ ತೂಗುವ, ಚೀಟಿಯುಳ್ಳ ಗೆಳತಿಯು ಸದರಿ ಬಾಲಕಿಯನ್ನು ಯಂತ್ರದ ಮೇಲೆ ತನ್ನ ಜೊತೆ ನಿಲ್ಲಿಸಿಕೊಂಡು, ಎಪ್ಪತ್ತಾರು ಕಿಲೋ ತೂಗುವ ಒಬ್ಬಳೇ ವಿದ್ಯಾರ್ಥಿನಿ ಎಂದು ಬರೆಸಿ, ಇಬ್ಬರೂ ನಲ್ಲಿಗೆ ಹೋಗಿದ್ದು ಸಾಬೀತಾಗಿದೆ. ವಿಚಾರಿಸಲಾಗಿ ಗೆಳತಿಯು, “ನಂಗೆ ಅಷ್ಟೇನೂ ಬಾಯಾರಲ್ಲ ಸರ್. ನನ್ ಚೀಟಿ ಅವಳಿಗೇ ಬರ್ಕೊಡಿ” ಎಂದಿರುತ್ತಾಳೆ. ಬಾಯಾರಿಕೆಯನ್ನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.

5. ಒಂದು ಮಗುವಿಗೆ ವಿನಾಯಿತಿ ಕೊಟ್ಟರೆ ನಾಳೆ ಎಲ್ಲರೂ ನೀರು ಕೇಳುವ ಅಪಾಯವಿರುವುದರಿಂದ ವಿನಾಯಿತಿ ಸಾಧ್ಯವಿಲ್ಲ. ಬದಲಿಗೆ ನಿಯಮವನ್ನೇ ತಿದ್ದಿ, ಅರ್ಹತಾ ತೂಕವನ್ನು ನಲವತ್ತೈದರಿಂದ ಇಪ್ಪತ್ನಾಲ್ಕು ಕಿಲೋಗೆ ಇಳಿಸಲಾಯಿತು (ತಿದ್ದುಪಡಿ-1). ಸಹಿಗೆ ಮುನ್ನ ಬಾಲಕಿಯನ್ನು ಮತ್ತೆ ತೂಗಲಾಗಿ, ನೋವಿನಿಂದ ಊಟ ಸೇರದೆ ಅವಳು ಇಪ್ಪತ್ಮೂರೂವರೆ ಕಿಲೋಗೆ ಇಳಿದಿದ್ದಳು. ಅರ್ಹತೆಯನ್ನೂ ಅಷ್ಟಕ್ಕೇ ಇಳಿಸಲಾಯಿತು (ತಿದ್ದುಪಡಿ-2). ಅದು ಟೈಪಾಗಿ ಬರುವಷ್ಟರಲ್ಲಿ ಬಾಲಕಿ ಇಪ್ಪತ್ಮೂರು ತೂಗಿದಳು. ಈ ಹಂತದಲ್ಲಿ ಗುಮಾಸ್ತರು ಕಡತದ ಅಂಚಿನಲ್ಲಿ, “ನಾವು ಟೈಪ್ ಮಾಡುವ ವೇಗಕ್ಕಿಂತ ಮಗು ಇಳಿಯುವ ವೇಗ ಹೆಚ್ಚಿದೆ. ಇನ್ನು ತೂಗಲು ನನ್ನಿಂದಾಗದು” ಎಂದು ಪೆನ್ಸಿಲ್‌ನಲ್ಲಿ ಬರೆದಿರುತ್ತಾರೆ. ಕಡತದಲ್ಲಿ ಪೆನ್ಸಿಲ್ ಬಳಸಿದ್ದಕ್ಕೆ ಅವರಿಗೆ ಎಚ್ಚರಿಕೆ ನೀಡಲಾಗಿದೆ. ಬರೆದ ವಿಷಯವನ್ನು ಒಪ್ಪಲಾಗಿದೆ.

6. ಬಾಲಕಿಯ ತೂಕ ಮುಂದೆ ಎಷ್ಟಾದರೂ ಮತ್ತೊಂದು ತಿದ್ದುಪಡಿ ಬೇಕಾಗದಂತೆ, ಅರ್ಹತಾ ತೂಕವನ್ನು ಶೂನ್ಯ ಕಿಲೋ ಎಂದು ನಿಗದಿಪಡಿಸಿ ಈ ಮೂಲಕ ಆದೇಶಿಸಲಾಗಿದೆ (ತಿದ್ದುಪಡಿ-3). ಶೂನ್ಯಕ್ಕಿಂತ ಕಡಿಮೆ ತೂಗುವ ಮಕ್ಕಳು ಪೋಷಕರೊಂದಿಗೆ ಖುದ್ದು ಹಾಜರಾಗಿ ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು.

7. ಇದರಿಂದ ಎಲ್ಲ ಮಕ್ಕಳೂ ಬೇಕೆಂದಾಗ ನೀರು ಕುಡಿಯಬಹುದೆಂಬ ಅರ್ಥ ಬರುತ್ತದೆಂದು ಲೆಕ್ಕಪರಿಶೋಧಕರು ಆಕ್ಷೇಪಿಸಿದ್ದಾರೆ. ಕೂಲಂಕಷವಾಗಿ ಪರಿಶೀಲಿಸಲಾಗಿ, ಆ ಅರ್ಥವೇ ಬರುತ್ತದೆ. ಅದು ಇಲಾಖೆಯ ಉದ್ದೇಶವಾಗಿರಲಿಲ್ಲ ಎಂದು ಸ್ಪಷ್ಟಪಡಿಸುತ್ತಾ, ಇಂದಿನಿಂದಲೇ ಜಾರಿಗೆ ತರಲು ಸೂಚಿಸಲಾಗಿದೆ.

ಸಹಿ/-
ಅಧಿಕಾರಿಯವರ ಪರವಾಗಿ, ಗುಮಾಸ್ತರು
(ಅಧಿಕಾರಿಯವರು ಶೌಚಾಲಯಕ್ಕೆ ಹೋಗಿರುತ್ತಾರೆ, ಚೀಟಿ ಕೇಳಲಾಗಿರುವುದಿಲ್ಲ)

ಪ್ರತಿಗಳು:

1. ಎಲ್ಲ ಶಾಲೆಗಳ ಮುಖ್ಯೋಪಾಧ್ಯಾಯರಿಗೆ: ನಲ್ಲಿಯ ಪಕ್ಕದಲ್ಲಿ, ಒದ್ದೆಯಾಗದಂತೆ ಅಂಟಿಸಲು. ಓದಿ ಮುಗಿಸಲೆಂದು ಯಾರನ್ನೂ ತಡೆಯತಕ್ಕದ್ದಲ್ಲ.
2. ಮಕ್ಕಳ ವೈದ್ಯರಿಗೆ: ಮಾಹಿತಿಗಾಗಿ. ಮೂರನೇ ಸಾಲು ಬರೆಯುವ ಅಗತ್ಯವಿಲ್ಲ.
3. ಉಗ್ರಾಣಕ್ಕೆ: ತೂಕದ ಯಂತ್ರವನ್ನು ಹಳೆಯ ಸುತ್ತೋಲೆಗಳನ್ನು ರದ್ದಿಗೆ ತೂಗಲು ಬಳಸುವುದು.
4. ಬಾಲಕಿಯ ಅಜ್ಜಿಗೆ: ಇನ್ನೂ ಅದೇ ಕುರ್ಚಿಯಲ್ಲಿ ಕುಳಿತಿರುವುದರಿಂದ ಕೈಗೇ ಕೊಡಲಾಗಿದೆ.
5. ಬಾಲಕಿಗೆ: ಇನ್ನು ಹತ್ತು ದಿನ ಉಳಿದಿವೆ. ಇದನ್ನು ಆಮೇಲೆ ಓದಬಹುದು. ಮೊದಲು ಹೋಗಿ ನೀರು ಕುಡಿಯಮ್ಮ.