ಮಾವನ ಸಿಹಿ ವೈನೂ ಅತ್ತೆಯ ಮುದ್ದೆ ಸಾರೂ

ನಮ್ಮ ಸೋದರಮಾವ ಕುಡಿಯುತ್ತಿದ್ದ. ಅದರಿಂದ ಮನೆಯಲ್ಲಿ ಯಾರಿಗೂ ತೊಂದರೆ ಇರಲಿಲ್ಲ. ಸಾಕಷ್ಟು ಕುಡಿಯುತ್ತಿರಲಿಲ್ಲ, ಅದೇ ತೊಂದರೆ! ಊರಿನ ಉಳಿದ ಕುಡುಕರು ಮರ್ಯಾದಸ್ಥರು. ಕುಡಿಯುತ್ತಾರೆ, ಕೂಗಾಡುತ್ತಾರೆ, ಬಿದ್ದು ಮಲಗುತ್ತಾರೆ, ಎಲ್ಲರಿಗೂ ನೆಮ್ಮದಿ. ನಮ್ಮ ಮಾವ ಭಾನುವಾರ ಮಧ್ಯಾಹ್ನ ಅರ್ಧ ಲೋಟ ಸಿಹಿ ಕೆಂಪು ವೈನ್ ಇಟ್ಟುಕೊಂಡು ಊಟಕ್ಕೆ ಕೂತರೆ, ಸಂಜೆ ಹಾಲು ಕರೆಯುವ ಹೊತ್ತಿಗೂ ಲೋಟದ ತಳ ಕಾಣುತ್ತಿರಲಿಲ್ಲ. ನಡುವೆ ಇದ್ದದ್ದೆಲ್ಲ ಮಾತು. ಕುಡಿದು ಮಾತಾಡುವವರನ್ನು ಹೇಗೋ ಸಹಿಸಬಹುದು ಸ್ವಾಮಿ, ಕುಡಿಯದೆ ಕುಡಿತದ ಬಗ್ಗೆಯೇ ಮಾತಾಡುವವರನ್ನು ಏನು ಮಾಡುವುದು?

ಆಗ ಬೆಂಗಳೂರು–ಮೈಸೂರು ರಸ್ತೆಯುದ್ದಕ್ಕೂ ಬಿಡದಿಯಿಂದೀಚೆಗೆ ಒಂದೊಂದೇ ಫ್ಯಾಕ್ಟರಿ ತಲೆಯೆತ್ತುತ್ತಿತ್ತು. ಕೆಂಗಲ್ ಪಕ್ಕದ ಮಾವನ ಊರಿನ ಗಂಡಸರೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೆಲಸವನ್ನು ಹೆಂಡಂದಿರಿಗೆ ಬಿಟ್ಟು, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಕಂಪನಿ ಬಸ್ಸು ಹತ್ತತೊಡಗಿದ್ದರು. ಮಾವನಿಗೆ ಸಿಕ್ಕಿದ್ದು ಒಂದು ವೈನ್ ಫ್ಯಾಕ್ಟರಿಯ ಗೇಟು. ದ್ರಾಕ್ಷಿ ಲಾರಿ ಬಂದರೆ ತೆಗೆಯುವುದು, ಹೋದರೆ ಹಾಕುವುದು. ಅಷ್ಟರಲ್ಲೇ ನಿಂತಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಒಂದು ಶನಿವಾರ ಬೆಂಗಳೂರಿನಿಂದ ಕಾರುಗಳಲ್ಲಿ ಅತಿಥಿಗಳು ಬಂದರು. ಕುರ್ಚಿ ಸಾಲದೆ ಮಾವನನ್ನು ಒಳಗೆ ಕರೆದರು. ಕುರ್ಚಿ ಇಟ್ಟವನು ಹೊರಗೆ ಬರಬೇಕಿತ್ತಲ್ಲ, ಬರಲಿಲ್ಲ. ಗೋಡೆಗಾತು ನಿಂತು, ಕೋಟು ಹಾಕಿದ ಒಬ್ಬರು ವೈನನ್ನು ಗಾಜಿನ ಲೋಟದಲ್ಲಿ ತಿರುಗಿಸಿದ್ದನ್ನೂ, ಮೂಸಿದ್ದನ್ನೂ, ಬಾಯಲ್ಲಿ ಆಡಿಸಿದ್ದನ್ನೂ ನೋಡಿದ. 'ಪ್ರತಿ ಊಟಕ್ಕೂ ಅದಕ್ಕೆ ಹೊಂದುವ ವೈನ್ ಒಂದಿರುತ್ತೆ' ಎಂದು ಅವರು ಹೇಳಿದ ಮಾತು ಮಾವನ ಕಿವಿಗೆ ಗುರುಮಂತ್ರದ ಹಾಗೆ ಬಿತ್ತು. ಅಲ್ಲಿಯವರೆಗೆ ಅವನಿಗೆ ಊಟಕ್ಕೆ ಹೊಂದುವುದು ಎಂದರೆ ಹಪ್ಪಳ ಮಾತ್ರ.

ಆ ವರ್ಷದ ಆಯುಧಪೂಜೆಗೆ ಕಂಪನಿಯವರು ಸಿಹಿ ಡಬ್ಬದ ಜೊತೆ ಒಂದು ಬಾಟಲಿಯನ್ನೂ ಕೊಟ್ಟರು. ಪ್ರಯೋಗ ಶುರುವಾಯಿತು. ಸ್ಟೀಲ್ ಲೋಟದಲ್ಲಿ ಬಣ್ಣ ಕಾಣುವುದಿಲ್ಲ ಎಂದು ಅಡುಗೆಮನೆಯೆಲ್ಲ ತಡಕಾಡಿ ಒಂದು ಗಾಜಿನ ಜಾಡಿ ಹಿಡಿದು ಬಂದ. ವೈನ್ ಬಗ್ಗಿಸಿದ, ತಿರುಗಿಸಿದ, ಮೂಗನ್ನು ಒಳಗೇ ಇಳಿಬಿಟ್ಟ. ಮುಖ ಅರಳಿತು.

"ಲೇ ಇವಳೇ, ಬಾ ಇಲ್ಲಿ! ಮಾವಿನ್ಕಾಯಿ ಘಮ ಬತ್ತಾ ಐತೆ ಕಣೇ! ಒಸಿ ಇಂಗಿನ ಘಮಾನೂ ಐತೆ!"

ಅತ್ತೆ ರಾಗಿ ಕೇರುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. "ಬರ್ದೆ ಏನ್ ಮಾಡ್ತದೆ? ನೆನ್ನೆಗಂಟ ಅದ್ರಲ್ಲಿ ಉಪ್ಪಿನ್ಕಾಯಿ ಇತ್ತು."

ಇಂಥ ಸಣ್ಣ ಮಾತಿಗೆಲ್ಲ ಕುಗ್ಗುವ ಜೀವವೇ ಅದು? ಆ ಬಾಟಲಿ ಮುಗಿದರೆ ಸಂಬಳದ ದುಡ್ಡಲ್ಲಿ ಇನ್ನೊಂದು ಬಂತು. ಮುಂದಿನ ಭಾನುವಾರಗಳಲ್ಲಿ ಅತ್ತೆಯ ಅಡುಗೆಯೆಲ್ಲ ಒಂದೊಂದಾಗಿ ಪರೀಕ್ಷೆಗೆ ಬಂತು. ಒಬ್ಬಟ್ಟಿನ ಜೊತೆ ಕುಡಿದು, "ಸೀಗೆ ಸೀ ಬಿದ್ದು ಎರಡೂ ಮೂತಿ ತಿರುಗಿಸ್ಕಂಡವೆ" ಅಂದ. ಉಪ್ಸಾರಿನ ಖಾರದ ಜೊತೆ ಕುಡಿದವನು ನೀರಿನ ಚೆಂಬಿಗೆ ಕೈ ಚಾಚಿದ. ನಾಟಿಕೋಳಿ ಸಾರಿಗೆ ಮಾತ್ರ ಕಣ್ಣು ಮುಚ್ಚಿ, "ಆಹಾ, ಹೊಂದ್ಕಂಬುಡ್ತು!" ಎಂದು ತೊಡೆ ತಟ್ಟಿದ. ನಾಟಿಕೋಳಿ ಸಾರಿಗೆ ಬಾವಿ ನೀರೂ ಹೊಂದುತ್ತದೆ ಎಂದು ಅತ್ತೆಯ ವಾದ. ನನಗೂ ಹಾಗೇ ಅನಿಸಿತ್ತು, ಆದರೆ ಊಟ ಮಾಡುತ್ತಿದ್ದದ್ದು ಅವರ ಮನೆಯಲ್ಲಿ!

ನಿಜವಾದ ಗಂಡಾಂತರ ಬಂದದ್ದು ಮುದ್ದೆಯಿಂದ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ವೈನನ್ನು ನುಂಗಬಾರದು, ಬಾಯಲ್ಲಿ ಆಡಿಸಬೇಕು. ಇರುವ ಒಂದೇ ಬಾಯಲ್ಲಿ ಮನುಷ್ಯ ಯಾವ ಧರ್ಮ ಪಾಲಿಸಬೇಕು? ಮಾವ ಎರಡನ್ನೂ ಒಟ್ಟಿಗೆ ಪಾಲಿಸಲು ಹೋದ. ಮುದ್ದೆ ಅರ್ಧ ದಾರಿಯಲ್ಲಿ ನಿಂತಿತು, ವೈನು ಮೂಗಿನಿಂದ ಬಂತು. ಅತ್ತೆ ಬೆನ್ನಿಗೆ ಗುದ್ದಿದ ಗುದ್ದು ಬೀದಿಗೆ ಕೇಳಿಸಿತು. ಉಸಿರು ಬಂದ ಮೇಲೆ ಮಾವ ಆಡಿದ ಮೊದಲ ಮಾತು: "ಮೂಗ್ನಾಗೆ ಬಂದಾಗ ಘಮ ಚೆನ್ನಾಗ್ ಗೊತ್ತಾಯ್ತದೆ."

ಊರ ಗಂಡಸರಿಗೆ ಇದೆಲ್ಲ ಅರ್ಥವೇ ಆಗುತ್ತಿರಲಿಲ್ಲ. ಕೆಂಗಲ್ ಬಸ್‌ಸ್ಟಾಪಿನಲ್ಲಿ ಅವನ ಹಳೆಯ ಗೆಳೆಯನೊಬ್ಬ ತಡೆದು ಕೇಳಿದ.

"ಏನ್ಲಾ, ಅದೇನೋ ಕುಡೀತಿಯಂತೆ. ಹೊಡುದ್ರೆ ಏರ್ತದಾ?"

"ಏರಕ್ಕಲ್ಲ ಕಣ್ಲಾ, ಹೊಂದಕ್ಕೆ."

"ಏರ್ದೇ ಇದ್ಮೇಲೆ ಕಬ್ಬಿನ ಹಾಲು ಕುಡಿಯಾಕೆ ಏನ್ಲಾ ನಿಂಗೆ ರೋಗ?"

ಇಷ್ಟಾದರೂ ನಮ್ಮಪ್ಪ ಒಂದು ಅನಾಹುತ ಮಾಡಿದರು. ನನ್ನ ಅಕ್ಕನ ಮದುವೆಯ ಬೀಗರೂಟದಲ್ಲಿ ಗಂಡಿನ ಕಡೆಯವರನ್ನು ನೋಡಿಕೊಳ್ಳುವ ಹೊಣೆಯನ್ನು ಮಾವನಿಗೆ ವಹಿಸಿದರು. ಬೀಗರು ಮಾಗಡಿ ಕಡೆಯ ಗುಡೇಮಾರನಹಳ್ಳಿಯವರು. ಮಾಂಸದೂಟದ ವಿಷಯದಲ್ಲಿ ಹುಡುಗಾಟ ಇಲ್ಲದವರು. ಎಲೆ ಹಾಕಿಯಾಯಿತು, ಬೋಟಿ ಗೊಜ್ಜು, ತಲೆಮಾಂಸ ಬಡಿಸಿಯಾಯಿತು. ಆಗ ನಮ್ಮ ಮಾವ ಪೇಪರ್ ಕಪ್ಪುಗಳ ತಟ್ಟೆ ಹಿಡಿದು ಪಂಕ್ತಿಯ ನಡುವೆ ಪ್ರವೇಶ ಮಾಡಿದ. ಒಬ್ಬೊಬ್ಬರ ಮುಂದೂ ಎರಡು ಗುಟುಕಿನಷ್ಟು ಕೆಂಪು ವೈನ್ ಇಟ್ಟು, ನಡುವೆ ನಿಂತು, "ಮೊದ್ಲು ಮೂಸ್ಬೇಕು" ಎಂದು ಪಾಠ ಶುರುಮಾಡಿದ.

ಗಂಡಿನ ದೊಡ್ಡಪ್ಪ ಕಪ್ಪೆತ್ತಿ ಮೂಸಿದರು. ಅವರ ಮೀಸೆ ನೆಟ್ಟಗಾಯಿತು. "ಏನ್ರಯ್ಯಾ ಇದು? ಬೀಗ್ರನ್ನ ಕರುದು ಕೆಮ್ಮಿನ ಔಸ್ದಿ ಕೊಟ್ಟವ್ರೆ! ಒಂದು ನೆಟ್ಟಗಿನ್ ಬಾಟ್ಲು ತರೋ ಯೋಗ್ತಿ ಇಲ್ವಾ ನಿಮ್ಗೆ?"

"ಔಸ್ದಿ ಅಲ್ಲ ಬೀಗ್ರೇ, ತಲೆಮಾಂಸಕ್ಕೆ ಇದು ಹೊಂದ್ತದೆ—"

"ನಮ್ ತಲೆಗೆ ಹೊಂದಲ್ಲ! ಏಳ್ರೋ ಎಲ್ಲಾ!"

ಬೀಗರು ಎಲೆ ಬಿಟ್ಟು ಏಳುವುದೆಂದರೆ ಏನು ಗೊತ್ತೆ? ತಲೆಮಾರು ಕಳೆದರೂ ಆ ಮಾತು ಸಾಯುವುದಿಲ್ಲ. ದೊಡ್ಡಪ್ಪ ಒಂದು ಮೊಣಕಾಲೂರಿ ಎದ್ದೇಬಿಟ್ಟರು. ಅಪ್ಪನ ಮುಖ ಸುಣ್ಣದ ಗೋಡೆಯಾಯಿತು. ಒಳಗೆ ಅಕ್ಕ ಅಳುವುದು ಕೇಳಿಸಿತು. ಮಾವ ತಟ್ಟೆ ಹಿಡಿದು ನಿಂತೇ ಇದ್ದ. ಅವನಿಗೆ ಆಗಲೂ ಚಿಂತೆ, ತಲೆಮಾಂಸ ಆರಿಹೋದರೆ ರುಚಿ ಹೊಂದುವುದಿಲ್ಲವಲ್ಲ ಎಂದು!

ಆಗ ಹೆಂಗಸರ ಸಾಲಿನಿಂದ ಒಂದು ದನಿ ಬಂತು. ಗಂಡಿನ ಅಜ್ಜಿ. ಅವರು ಯಾವ ಮಾಯದಲ್ಲೋ ಪಕ್ಕದವಳ ಕಪ್ಪನ್ನೂ ಮುಗಿಸಿದ್ದರು.

"ಲೋ, ಕೂತ್ಕಳ್ರೋ! ಉಣ್ಣೋ ಎಲೆ ಬುಟ್ಟು ಏಳಾದು ಯಾವ ಸೀಮೆ ಬುದ್ಧಿ? ಏನಪ್ಪಾ, ನಂಗೆ ಇನ್ನೊಂದೊಸಿ ಹುಯ್ಯಿ. ತಲೆಮಾಂಸಕ್ಕೆ ಬೋ ಚೆನ್ನಾಗೈತೆ."

ದೊಡ್ಡಪ್ಪ ತಾಯಿಯ ಮಾತಿಗೆ ಮೊಣಕಾಲು ಮಡಿಸಿದರು. ಸಂಬಂಧ ಉಳಿಯಿತು. ಗಂಡಸರಿಗೆ ಬೇಕಾದದ್ದು ಮಾವಿನ ತೋಪಿನ ಹಿಂದೆ ಮೊದಲೇ ಬಂದು ಕಾಯುತ್ತಿತ್ತು ಎನ್ನುವುದು ಬೇರೆ ಮಾತು. ಮಾವನಿಗಂತೂ ಇಡೀ ಸೀಮೆಯಲ್ಲಿ ಒಬ್ಬ ಶಿಷ್ಯೆ ಸಿಕ್ಕಿದ್ದಳು, ಬಾಯಲ್ಲಿ ಹಲ್ಲಿರಲಿಲ್ಲ, ಅಷ್ಟೆ.

ಅದಾದ ಮುಂದಿನ ಮಳೆಗಾಲದಲ್ಲಿ ಚಿಕೂನ್‌ಗುನ್ಯಾ ಬಂತು. ಮನೆ ಮನೆಯಲ್ಲೂ ಜನ ಗೋಡೆ ಹಿಡಿದು ನಡೆಯುತ್ತಿದ್ದರು. ಅತ್ತೆಯನ್ನು ಅದು ಮಲಗಿಸಿಯೇಬಿಟ್ಟಿತು. ಜ್ವರ ಇಳಿದರೂ ಬೆರಳುಗಳ ಊತ ಇಳಿಯಲಿಲ್ಲ. ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಬಾಯಿ ಕಹಿ ಎಂದು ಏನು ಕೊಟ್ಟರೂ ಮುಖ ತಿರುಗಿಸುತ್ತಿದ್ದಳು. ಬರುಬರುತ್ತಾ ಬೇಡ ಎನ್ನುವುದನ್ನೂ ಬಿಟ್ಟಳು, ಸುಮ್ಮನೆ ಸೂರು ನೋಡುತ್ತಿದ್ದಳು. ಡಾಕ್ಟರು, "ಊಟ ಸೇರದೆ ಇದ್ದರೆ ಕಷ್ಟ" ಎಂದರಂತೆ.

ಅಮ್ಮ ಮಾಡಿಕೊಟ್ಟ ಗಂಜಿ ಹಿಡಿದು ಒಂದು ಭಾನುವಾರ ಮಧ್ಯಾಹ್ನ ಹೋದೆ. ಒಲೆಯ ಮುಂದೆ ಮಾವ ಕೂತಿದ್ದ. ಮುಂಗೈಯೆಲ್ಲ ರಾಗಿ ಹಿಟ್ಟು, ಕಣ್ಣೆಲ್ಲ ಹೊಗೆ. ಗೂಡಿನಲ್ಲಿ ಬಾಟಲಿ ಬಿರಡೆ ಬಿಚ್ಚದೆ ಕೂತಿತ್ತು.

"ಏನ್ ಮಾವ, ಇವತ್ತು ಭಾನುವಾರ ಅಲ್ವಾ?" ಎಂದು ತಮಾಷೆ ಮಾಡಿದೆ.

ಅವನು ನಗಲಿಲ್ಲ. "ಅವ್ಳ ಬಾಯಿ ಕಹಿ ಆಗಿರೋವಾಗ ನಂಗೆ ಯಾವ ಸೀ ಬೇಕು ಮಗ?"

ಮುದ್ದೆಯನ್ನು ತಟ್ಟೆಗೆ ಹಾಕಿ, ಅವರೆಕಾಳು ಸಾರು ಬಿಟ್ಟು, ಅತ್ತೆಯ ಪಕ್ಕ ಕೂತ. ಸಣ್ಣ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ಅವಳ ತುಟಿಯ ಹತ್ತಿರ ಹಿಡಿದ. ನಾನು ಇದ್ದೇನೆಂಬ ನಾಚಿಕೆಗೆ ಅತ್ತೆ ಗೋಡೆಯ ಕಡೆ ತಿರುಗಿದಳು. ಮಾವನ ಕೈ ಅಲ್ಲೇ ನಿಂತಿತ್ತು.

"ನೀನು ಒಸಿ ಆಚೆ ಇರು ಮಗ" ಅಂದ.

ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಒಳಗೆ ತಟ್ಟೆ ಸರಿದ ಸದ್ದಾಯಿತು. ಆಮೇಲೆ ಅತ್ತೆಯ ದನಿ, ಸಣ್ಣಗೆ:

"ಬಿಸಿ ಐತೆ. ಊದಿ ಕೊಡಿ."

ಮಾವ ಊದುತ್ತಿದ್ದದ್ದು ಜಗಲಿಯವರೆಗೂ ಕೇಳಿಸುತ್ತಿತ್ತು.