ಹಳದಿ ಜಾಕೆಟ್ಟಿನ ಹಿಂದೆ

ಎರಡು ಸೀಲುಗಳಿಗೂ ಒಂದೇ ಬಣ್ಣದ ಮರದ ಹಿಡಿ ಇದ್ದದ್ದೇ ಎಲ್ಲ ರಗಳೆಗೂ ಮೂಲ. ಒಂದು ಬಡಾವಣೆಯ ಸೈಕಲ್ ಸಂಘದ್ದು, ಇನ್ನೊಂದು ಗ್ರಂಥಾಲಯದ್ದು. ಗ್ರಂಥಾಲಯದ ಸೀಲಿನ ಹಿಡಿ ಸಡಿಲವಾಗಿದೆಯೆಂದು ಸದ್ದಿಲ್ಲಪ್ಪ ಶನಿವಾರ ಅದನ್ನು ಮನೆಗೆ ತಂದು, ಅಂಟು ಹಾಕಿ, ಊಟದ ಮೇಜಿನ ಮೇಲೆ ಒಣಗಲು ಇಟ್ಟಿದ್ದ. ಸಂಘದ ಸೀಲನ್ನೂ ಅದರ ಪಕ್ಕದಲ್ಲೇ ಇಟ್ಟ. ಭಾನುವಾರ ಬೆಳಿಗ್ಗೆ ಕಣ್ಣುಜ್ಜಿಕೊಳ್ಳುತ್ತ ಒಂದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು ಹೊರಟ.

ಸದ್ದಿಲ್ಲಪ್ಪ ಎಂಬುದು ಅವನ ಹೆಸರಲ್ಲ. ಹನ್ನೊಂದು ವರ್ಷ ವಾಚನಾಲಯದಲ್ಲಿ ತುಟಿಯ ಮೇಲೆ ಬೆರಳಿಟ್ಟುಕೊಂಡು ಓಡಾಡಿದ್ದಕ್ಕೆ ಬಡಾವಣೆಯವರು ಕೊಟ್ಟ ಬಿರುದು. ಅವನ ಮೇಲಧಿಕಾರಿ ಗ್ರಂಥಪಾಲರೇ ಸೈಕಲ್ ಸಂಘದ ಅಧ್ಯಕ್ಷರು. ಅವರ ನಿವೃತ್ತಿಗೆ ಇನ್ನು ಎರಡೇ ವರ್ಷ, ಆದರೆ ಆ ಮಾತನ್ನು ಅವರೆದುರು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಒಮ್ಮೆ ಯಾರೋ "ಈ ವಯಸ್ಸಿನಲ್ಲೂ ಸೈಕಲ್ ತುಳೀತೀರಲ್ಲ ಸಾರ್" ಎಂದು ಹೊಗಳಿದ್ದಕ್ಕೆ, ಆ ಹೊಗಳಿದವರ ಸದಸ್ಯತ್ವದ ಕಾರ್ಡು ಮೂರು ತಿಂಗಳು ನವೀಕರಣವಾಗಿರಲಿಲ್ಲ.

ಆ ಭಾನುವಾರ ಸಂಘದ ವಾರ್ಷಿಕ ಸವಾರಿ. ಬಡಾವಣೆಯಿಂದ ಮೊದಲು ದಕ್ಷಿಣದ ಬೀಚಿಗೆ ಹೋಗಿ, ತಿರುಗಿ, ಕರಾವಳಿ ರಸ್ತೆ ಹಿಡಿದು ಉತ್ತರದ ಲೈಟ್‌ಹೌಸಿಗೆ ಹೋಗಬೇಕು. ಅಲ್ಲಿ ಕುಳಿತು ಪ್ರತಿಯೊಬ್ಬರ ಕಾರ್ಡಿನ ಮೇಲೂ ಸೀಲು ಒತ್ತುವ ಕೆಲಸವನ್ನು ಸದ್ದಿಲ್ಲಪ್ಪ ತಾನಾಗಿ ಕೇಳಿ ಪಡೆದಿದ್ದ. ಸೈಕಲ್ ತುಳಿಯುವುದು ತಪ್ಪಲಿ ಎಂಬುದು ಅರ್ಧ ಕಾರಣ. ಉಳಿದರ್ಧ ಸೋಮವಾರದ ವರ್ಗಾವಣೆ ಪಟ್ಟಿ, ಅದು ಬರುವ ಮುಂಚೆ ಗ್ರಂಥಪಾಲರ ಮನಸ್ಸು ಗೆಲ್ಲಬೇಕಿತ್ತು.

ಲೈಟ್‌ಹೌಸಿನ ಬಳಿ ಗ್ರಂಥಾಲಯಕ್ಕೆ ಒಂದು ಕೋಣೆಯ ಶಾಖೆಯಿದೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯಬೇಕು. ಮೊದಲ ಬಸ್ಸು ಅಲ್ಲಿಗೆ ಮುಟ್ಟುವುದು ಒಂಬತ್ತೂವರೆಗೆ. ಅಲ್ಲಿದ್ದವರು ಬಾಡಿಗೆ ಕೋಣೆ ಹಿಡಿದು ಒಂಟಿಯಾಗಿ ಇದ್ದು, ಸಾಕಾಗಿ, ಕಳೆದ ತಿಂಗಳು ಕೆಲಸ ಬಿಟ್ಟಿದ್ದರು. ಅವರ ಜಾಗಕ್ಕೆ ಯಾರು ಎಂದು ಕೇಳಿದರೆ ಗ್ರಂಥಪಾಲರು "ಸೋಮವಾರ ತಿಳಿಯುತ್ತೆ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳುತ್ತಿದ್ದರು. ಸದ್ದಿಲ್ಲಪ್ಪನ ಹೆಂಡತಿ ನರ್ಸು, ಆರಕ್ಕೇ ಡ್ಯೂಟಿ. ಆರು ವರ್ಷದ ಮಗಳನ್ನು ಎಬ್ಬಿಸಿ, ತಿಂಡಿ ತಿನ್ನಿಸಿ, ಒಂಬತ್ತಕ್ಕೆ ಸ್ಕೂಲಿಗೆ ಬಿಡುವವನು ಅವನೇ. ದಿನವಿಡೀ ಪಿಸುಗುಟ್ಟಿ ಬದುಕುವ ಮನುಷ್ಯ ಗಟ್ಟಿಯಾಗಿ ಮಾತಾಡಿ, ಹಾಡಿ, ನಗುತ್ತಿದ್ದದ್ದು ಆ ಎರಡು ಗಂಟೆ ಮಾತ್ರ. ಅದನ್ನು ಕಳೆದುಕೊಳ್ಳುವ ಯೋಚನೆ ಬಂದರೇ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಆರೂವರೆಗೆ ಸಂಘದ ಮೆಕ್ಯಾನಿಕ್ ಅವನನ್ನು ವ್ಯಾನಿನಲ್ಲಿ ಕರೆತಂದು, ಒಂದು ಮೇಜು, ನೀರಿನ ಡ್ರಮ್ಮು, ಎರಡು ಗೊನೆ ಬಾಳೆಹಣ್ಣಿನ ಜೊತೆ ಲೈಟ್‌ಹೌಸಿನ ಬುಡದಲ್ಲಿ ಇಳಿಸಿದ. ಕಾರ್ಯಕರ್ತರ ಹಳದಿ ಜಾಕೆಟ್ ತೊಡಿಸಿ, ಸವಾರರ ಬೆನ್ನು ಕಾಯಲು ವಾಪಸ್ಸು ಹೋದ. ಸವಾರರು ಬರುವುದು ಒಂಬತ್ತಕ್ಕೆ. ಸದ್ದಿಲ್ಲಪ್ಪ ಆರಾಮಾಗಿ ಕುಳಿತು, ಇಂಕ್ ಪ್ಯಾಡ್ ಬಿಚ್ಚಿ, ಹಳೇ ಪೇಪರಿನ ಮೇಲೆ ಸೀಲು ಒತ್ತಿ ನೋಡಿದ.

"ಹಳೆಯದು. ವಿಲೇವಾರಿಗೆ."

ಹರಿದ ಪುಸ್ತಕಗಳನ್ನು ಕಪಾಟಿನಿಂದ ತೆಗೆದು ರದ್ದಿಗೆ ಹಾಕುವ ಮುಂಚೆ ಒತ್ತುವ ಸೀಲು ಅದು. ಅವನು ಇನ್ನೊಮ್ಮೆ ಒತ್ತಿದ. ಸೀಲು ತನ್ನ ಅಭಿಪ್ರಾಯ ಬದಲಿಸಲಿಲ್ಲ. ಗ್ರಂಥಪಾಲರು ನಗುತ್ತ ಕಾರ್ಡು ಚಾಚುವುದು, ಅವರ ಹೆಸರಿನ ಕೆಳಗೆ ಈ ಎರಡು ಪದ ಮೂಡುವುದು, ಮಾರನೆಯ ದಿನದ ಪಟ್ಟಿ, ಎಲ್ಲವೂ ಅವನ ಕಣ್ಣಮುಂದೆ ಬಂದವು.

ಮಗಳನ್ನು ನೋಡಿಕೊಳ್ಳುತ್ತಿದ್ದ ಎದುರುಮನೆ ಅಜ್ಜಿಗೆ ಫೋನು ಮಾಡಿದ.

"ಅಜ್ಜೀ, ನಮ್ಮ ಮೇಜಿನ ಮೇಲೆ ಒಂದು ಸೀಲು ಇದೆಯಾ ನೋಡಿ."

"ಇದೆಯಪ್ಪ. ನಿನ್ನ ಮಗಳು ಅದಕ್ಕೆ ಬಣ್ಣ ಬಳಿದು ನನ್ನ ಮೊಣಕೈವರೆಗೂ ಸೈಕಲ್ ಚಿತ್ರ ಒತ್ತಿದ್ದಾಳೆ."

"ಯಾರ ಕೈಲಾದ್ರೂ ಇಲ್ಲಿಗೆ ಕಳಿಸೋಕಾಗುತ್ತಾ?"

"ಬೀದೀಲಿರೋರೆಲ್ಲ ಸೈಕಲ್ ಹತ್ತಿ ಹೋದ್ರು. ನನ್ನನ್ನ ಕಳಿಸ್ತೀಯಾ?"

ಮೆಕ್ಯಾನಿಕ್‌ಗೆ ಹೇಳೋಣವೆಂದರೆ ಅವನ ವ್ಯಾನು ಗ್ರಂಥಪಾಲರ ಬೆನ್ನಿಗೇ ಇರುತ್ತಿತ್ತು, ಅವನ ಬಾಯಿ ವ್ಯಾನಿನ ಹಾರನ್ನಿಗಿಂತ ದೊಡ್ಡದು. ಉಳಿದದ್ದು ಒಂದೇ ದಾರಿ. ಲೈಟ್‌ಹೌಸ್ ಕಾವಲುಗಾರನ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು. ಗೋಡೆಗೆ ಅವಳ ಬುಟ್ಟಿ ಕಟ್ಟಿದ ಸೈಕಲ್ ಒರಗಿತ್ತು.

"ಅಕ್ಕಾ, ಎರಡು ಗಂಟೆ ಮಟ್ಟಿಗೆ ಸೈಕಲ್ ಕೊಡ್ತೀರಾ? ಬಡಾವಣೆಗೆ ಹೋಗಿ ಬರ್ಬೇಕು, ಇಪ್ಪತ್ತೆರಡು ಕಿಲೋಮೀಟ್ರು."

"ರಸ್ತೆ ಮೇಲೆ ಯಾಕೆ ಹೋಗ್ತೀರಣ್ಣ? ಸೇತುವೆವರೆಗೆ ಹೋಗಿ, ಅಲ್ಲಿ ಎಡಕ್ಕೆ ತಿರುಗಿ. ಉಪ್ಪಿನಗದ್ದೆ ನಡುವೆ ಒಂದು ಏರಿ ಇದೆ. ನಮ್ಮನೆಯವರು ಅದರ ಮೇಲೇ ಹೋಗೋದು. ಹದಿನಾರಕ್ಕೆ ಮುಗೀತು." ಸೈಕಲ್ ಕೊಡುವಾಗ ಒಂದು ಎಚ್ಚರಿಕೆಯನ್ನೂ ಕೊಟ್ಟಳು. "ಹಿಂದಿನ ಬ್ರೇಕ್ ಹಿಡಿಯೋಲ್ಲ. ಬೆಲ್ ಮಾತ್ರ ತಾನಾಗೇ ಹೊಡ್ಕೊಳ್ಳುತ್ತೆ."

ಏಳೂ ಹತ್ತಕ್ಕೆ ಹೊರಟ. ಹೋಗಲು ಐವತ್ತು ನಿಮಿಷ, ಬರಲು ಐವತ್ತು ನಿಮಿಷ, ಒಂಬತ್ತಕ್ಕೆ ಹತ್ತು ನಿಮಿಷ ಉಳಿಯುತ್ತದೆ ಎಂದು ಲೆಕ್ಕ ಹಾಕಿದ. ದಕ್ಷಿಣದ ಬೀಚ್ ರಸ್ತೆಯ ಮೇಲೆ ಗಾಳಿಗೆ ಮರಳು ಬಂದು ಬಿದ್ದಿದ್ದು, ಸವಾರರು ಆ ಸುತ್ತನ್ನೇ ಬಿಟ್ಟು ನೇರ ಉತ್ತರಕ್ಕೆ ಬರುತ್ತಿದ್ದದ್ದು ಆ ಲೆಕ್ಕದಲ್ಲಿ ಇರಲಿಲ್ಲ.

ಸೇತುವೆಯ ಬಳಿ ತಲೆ ತಗ್ಗಿಸಿಕೊಂಡೇ ಏರಿಗೆ ತಿರುಗಿದ. ನೂರು ಗಜ ಹೋಗಿರಬಹುದು, ಹಿಂದಿನಿಂದ ಜೇನುಗೂಡಿನಂಥ ಗುಂಯ್‌ಗುಟ್ಟುವ ಸದ್ದು ಕೇಳಿಸಿತು. ತಿರುಗಿ ನೋಡಿದ. ಮುಂದೆ ಔಷಧಿ ಅಂಗಡಿಯವರು. ಅವರ ಹಿಂದೆ ಕೆಂಪು ಹೆಲ್ಮೆಟ್ಟಿನ ಗ್ರಂಥಪಾಲರು. ಅವರ ಹಿಂದೆ ಹನ್ನೆರಡು ಹದಿಮೂರು ಜನ, ಸಾಲಾಗಿ.

ಸದ್ದಿಲ್ಲಪ್ಪ, ತಾನು ಮೇಜು ಬಿಟ್ಟು ಓಡಿಹೋಗುವುದನ್ನು ನೋಡಿಬಿಟ್ಟರು, ಹಿಡಿಯಲು ಬರುತ್ತಿದ್ದಾರೆ ಎಂದುಕೊಂಡ. ಸೀಲು ಕೈಗೆ ಸಿಕ್ಕ ಮೇಲೆ ಏನಾದರೂ ಕಾರಣ ಹೇಳಬಹುದು. ಈಗ ಸಿಕ್ಕಿಬಿದ್ದರೆ ಚೀಲದಲ್ಲಿರುವುದು ಆ ಎರಡು ಪದ ಮಾತ್ರ. ಅವನು ಪೆಡಲಿನ ಮೇಲೆ ಎದ್ದು ನಿಂತು ತುಳಿದ.

ಹಿಂದಿದ್ದವರ ಯೋಚನೆಯೇ ಬೇರೆ. ಹೊರಡುವ ಮುಂಚೆ ಗ್ರಂಥಪಾಲರು ಎರಡು ನಿಯಮ ಓದಿ ಹೇಳಿದ್ದರು. ಹಳದಿ ಜಾಕೆಟ್ಟಿನವರು ತೋರಿಸಿದ ಕಡೆಗೇ ಹೋಗಬೇಕು. ಹಳದಿ ಜಾಕೆಟ್ಟಿನವರನ್ನು ಯಾರೂ ಹಿಂದೆ ಹಾಕಬಾರದು. ಸೇತುವೆಯ ಬಳಿ ಹಳದಿ ಜಾಕೆಟ್ಟೊಂದು ಏರಿಯ ಕಡೆಗೆ ತಿರುಗಿದ್ದನ್ನು ಕಂಡು, ಮರಳಿನಿಂದಾಗಿ ದಾರಿ ಬದಲಾಗಿದೆಯೆಂದು ತಿಳಿದು ಅವರೂ ತಿರುಗಿದ್ದರು.

ಅವನು ಜೋರು ಮಾಡಿದಷ್ಟೂ ಅವರೂ ಜೋರು ಮಾಡಿದರು, ಅವರು ಜೋರು ಮಾಡಿದಷ್ಟೂ ಇವನು ಇನ್ನಷ್ಟು ತುಳಿದ. ಎರಡೂ ಕಡೆ ಉಪ್ಪುನೀರು, ನಡುವೆ ಎರಡು ಮೊಳ ಅಗಲದ ಏರಿ, ಮೆಕ್ಯಾನಿಕ್‌ನ ವ್ಯಾನು ಸೇತುವೆಯ ಬಳಿಯೇ ಉಳಿದಿತ್ತು. ಗುಂಡಿ ಸಿಕ್ಕಿದಲ್ಲೆಲ್ಲ ಬೆಲ್ಲು ತಾನಾಗೇ ಹೊಡೆದುಕೊಂಡು, ಹನ್ನೊಂದು ವರ್ಷ ಯಾರಿಗೂ ಸದ್ದು ಮಾಡಲು ಬಿಡದವನ ಮಾನವನ್ನು ಹರಾಜು ಹಾಕುತ್ತಿತ್ತು. ಉಪ್ಪು ಗುಡಿಸುತ್ತಿದ್ದ ಹೆಂಗಸರು ದೂರದಿಂದಲೇ ದಾರಿ ಬಿಟ್ಟು ನಿಂತರು. ಗ್ರಂಥಪಾಲರು ಏನೋ ಕೂಗಿದರು, ಗಾಳಿ ಅದನ್ನು ಹೊತ್ತುಕೊಂಡು ಹೋಯಿತು. ಅವನಿಗೆ ಬಾಯಿ ಒಣಗಿ, ತೊಡೆ ನಡುಗಿ, ಕಣ್ಣು ಮಂಜಾಯಿತು. ಆದರೂ ನಿಲ್ಲಲಿಲ್ಲ. ಮನೆಯ ಗೇಟಿಗೆ ಸೈಕಲನ್ನು ಗುದ್ದಿ ನಿಲ್ಲಿಸಿ ಒಳಗೆ ಓಡಿದ.

ಮಗಳು ಮೇಜಿನ ಮುಂದೆ ಕುಳಿತಿದ್ದಳು. ಅವಳ ಕೈಯಿಂದ ಸೀಲು ಕಿತ್ತುಕೊಂಡ.

"ಅಪ್ಪಾ, ಅವರೆಲ್ಲ ಯಾಕೆ ನಮ್ಮನೆಗೆ ಬಂದಿದ್ದಾರೆ?"

ಕಿಟಕಿಯಿಂದ ನೋಡಿದ. ಗೇಟಿನ ಮುಂದೆ ಹದಿನೈದು ಸೈಕಲ್ಲು ಅಡ್ಡಾದಿಡ್ಡಿ ಬಿದ್ದಿದ್ದವು, ಹದಿನೈದು ಜನ ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಿಜ ಹೇಳಿಬಿಡೋಣವೆಂದು ಹೊರಗೆ ಬಂದ.

"ಸಾರ್, ತಪ್ಪಾಯ್ತು. ನಾನು ಬೆಳಿಗ್ಗೆ..."

ಗ್ರಂಥಪಾಲರು ಕೈಯೆತ್ತಿ ತಡೆದರು. ಮಾತಾಡಲು ಉಸಿರು ಸಾಲದೆ ಜೇಬಿನಿಂದ ಕಾರ್ಡು ತೆಗೆದು ಮುಂದೆ ಹಿಡಿದರು. ಅವನು ಸೀಲು ಒತ್ತಿದ. ಸೊಟ್ಟಗಾದರೂ ಸೈಕಲ್ಲಿನ ಚಿತ್ರವೇ ಮೂಡಿತು.

"ಸಾರ್, ಲೈಟ್‌ಹೌಸೇ ನೋಡ್ಲಿಲ್ವಲ್ಲ ನಾವು," ಎಂದರು ಔಷಧಿ ಅಂಗಡಿಯವರು.

"ಅದೇನು ಎದ್ದು ಹೋಗುತ್ತೇನ್ರೀ?" ಗ್ರಂಥಪಾಲರು ಗಡಿಯಾರ ನೋಡಿದರು. "ಅಲ್ಲಿಂದ ಎಷ್ಟೊತ್ತಿಗೆ ಹೊರಟ್ರಿ ನೀವು?"

"ಏಳೂ ಹತ್ತಕ್ಕೆ, ಸಾರ್."

"ಈಗ ಏಳೂ ಐವತ್ತೈದು." ಅವರು ಬುಟ್ಟಿಯ ಸೈಕಲನ್ನೂ ಅವನನ್ನೂ ಎರಡೆರಡು ಸಲ ನೋಡಿದರು. "ಮುಕ್ಕಾಲು ಗಂಟೆ. ಇದರಲ್ಲಿ. ನಿಮ್ಮನ್ನ ಇಷ್ಟು ವರ್ಷ ನಾನು ತಪ್ಪು ತಿಳ್ಕೊಂಡಿದ್ದೆ ಕಣ್ರೀ. ಇಡೀ ಜೀವನದಲ್ಲಿ ನಾನು ಹೀಗೆ ತುಳಿದಿಲ್ಲ. ಇಪ್ಪತ್ತು ವರ್ಷ ಚಿಕ್ಕವನಾದೆ."

ಸದ್ದಿಲ್ಲಪ್ಪನಿಗೆ ಹೋದ ಜೀವ ಬಂದಂತಾಯಿತು. ಸಾಹೇಬರು ಇಷ್ಟು ಖುಷಿಯಾಗಿರುವಾಗ ಕೇಳದಿದ್ದರೆ ಇನ್ನು ಯಾವಾಗ ಕೇಳುವುದು?

"ಸಾರ್, ನಾಳೆ ಆ ಪಟ್ಟಿ..."

"ಯಾವ ಪಟ್ಟಿ? ಪಟ್ಟಿ ಮಾಡೇ ಇರ್ಲಿಲ್ಲ." ಗ್ರಂಥಪಾಲರು ಬೆನ್ನಿನ ಜೇಬಿನಿಂದ ಬೆವರಿಗೆ ಒದ್ದೆಯಾದ ಲಕೋಟೆ ತೆಗೆದರು. "ಬಸ್ಸಿಲ್ಲ, ದಾರಿ ಇಪ್ಪತ್ತೆರಡು ಕಿಲೋಮೀಟರು, ಬೆಳಿಗ್ಗೆ ಎಂಟಕ್ಕೆ ಅಲ್ಲಿ ಮುಟ್ಟೋದು ಮನುಷ್ಯಮಾತ್ರರಿಂದ ಸಾಧ್ಯವಿಲ್ಲ, ಆದ್ದರಿಂದ ಶಾಖೆ ಮುಚ್ಚಿಬಿಡಿ ಅಂತ ಮೇಲಿನವರಿಗೆ ಬರೆದಿದ್ದೆ. ಲೈಟ್‌ಹೌಸಿನ ಹತ್ತಿರದ ಡಬ್ಬಿಗೆ ಹಾಕೋಣ ಅಂತ ತಂದಿದ್ದೆ. ನೀವು ಈ ಕಡೆ ತಿರುಗಿಸ್ದೇ ಇದ್ದಿದ್ರೆ ಇಷ್ಟೊತ್ತಿಗೆ ಹಾಕೇಬಿಡ್ತಿದ್ದೆ."

ಸದ್ದಿಲ್ಲಪ್ಪ ಲಕೋಟೆಗೆ ಕೈ ಚಾಚಿದ.

"ಸಾಧ್ಯ ಅಂತ ಕಣ್ಣಾರೆ ಕಂಡ ಮೇಲೆ ಸುಳ್ಳು ಕಾಗದಕ್ಕೆ ನನ್ನ ಸಹಿ ಬೇಡ," ಎನ್ನುತ್ತ ಅವರು ಅದನ್ನು ನೀಟಾಗಿ ನಾಲ್ಕು ಚೂರು ಮಾಡಿದರು. "ನಾಳೆಯಿಂದ ಶಾಖೆ ನಿಮ್ಮದು. ಏಳೂ ಹತ್ತಕ್ಕೆ ಹೊರಟ್ರೆ ಸಾಕು."

ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಳೆಹಣ್ಣು ತಿನ್ನುತ್ತ ಸುಮ್ಮನೆ ಲೈಟ್‌ಹೌಸಿನ ಕೆಳಗೆ ಕುಳಿತಿದ್ದರೂ, ಆ ಸೀಲನ್ನು ಸಮುದ್ರಕ್ಕೆ ಎಸೆದು ಬರಿಗೈಯಲ್ಲಿ ನಿಂತಿದ್ದರೂ ತಾನು ಬಚಾವಾಗುತ್ತಿದ್ದೆ ಎಂಬುದು ಅವನಿಗೆ ಆಗ ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಸಾರ್, ಬೆಳಿಗ್ಗೆ ನನ್ನ ಮಗಳನ್ನ ಸ್ಕೂಲಿಗೆ..."

"ಅಯ್ಯೋ, ಅದಕ್ಯಾಕೆ ಯೋಚನೆ?" ಎದುರುಮನೆ ಅಜ್ಜಿ ಸೈಕಲ್ ಚಿತ್ರಗಳು ತುಂಬಿದ ಕೈಯನ್ನು ಅವನ ತಲೆಯ ಮೇಲಿಟ್ಟಳು. "ದಿನಾ ನಾನು ಬಿಟ್ಟು ಬರ್ತೀನಿ. ನೀನು ನಿಶ್ಚಿಂತೆಯಾಗಿ ಹೋಗಪ್ಪ."

ಸದ್ದಿಲ್ಲಪ್ಪ ತನ್ನದೇ ಮನೆಯ ಮೆಟ್ಟಿಲ ಮೇಲೆ ಕುಸಿದು ಕುಳಿತ. ಗ್ರಂಥಪಾಲರು ಬಗ್ಗಿ, ಪ್ರೀತಿಯಿಂದ ಅವನ ತೊಡೆ ತಟ್ಟಿದರು.

"ಕಾಲು ಹಿಡ್ಕೊಂಡಿದೆಯಾ? ಒಂದು ವಾರ ದಿನಾ ತುಳಿದ್ರೆ ತಾನಾಗೇ ಸರಿಹೋಗುತ್ತೆ ಬಿಡಿ."